ಜಪಾನದ ಪೋಥಿ

ಆ ವಾರ ಬೀದರಿನ ಮೈಲೂರಿನ ಒಂದು ಮನೆಯಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆಯ ಗಾಂಭೀರ್ಯ ಹೊರಗಿನವರಿಗೆ ಸುಲಭವಾಗಿ ಅರ್ಥವಾಗುವಂಥದ್ದಲ್ಲ. ಸೂರ್ಯನಿಲ್ಲದ ಉಪ್ಪಿನ ದೇಶ, ಕೊಂಬಿನ ರಾಕ್ಷಸರು, ಮನುಷ್ಯರ ಮುಖಗಳನ್ನು ಕೊಂಡು ಮಾರುವ ಮಾಟಗಾತಿ, ಇಬ್ಬರು ಅಣ್ಣತಮ್ಮಂದಿರು, ಅವರ ತಾಯಿ, ಇವರೆಲ್ಲ ಇರುವ ಜಪಾನಿ ಕಾರ್ಟೂನು ಸರಣಿಯೊಂದರ ಕೊನೆಯ, ಆರನೆಯ ಡಿಸ್ಕು ಬಾಕಿ ಇತ್ತು. ಭಾನುವಾರ ಅದನ್ನು ನೋಡುವುದೆಂದು ಗೊತ್ತಾಗಿತ್ತು. ಹೋಳಿಗೆ ಮಾಡುವುದೆಂದೂ ಗೊತ್ತಾಗಿತ್ತು. ಯಾರು ಓದಬೇಕೆಂಬುದು ಮಾತ್ರ ಗೊತ್ತಾಗಿರಲಿಲ್ಲ.

ಓದುವುದೆಂದರೆ, ಪರದೆಯ ಮೇಲಿನವರು ಜಪಾನಿಯಲ್ಲಿ ಮಾತಾಡುತ್ತಾರೆ, ಅವರ ಕಾಲ ಕೆಳಗೆ ಇಂಗ್ಲಿಷ್ ಸಾಲುಗಳು ಬಂದು ಬಂದು ಹೋಗುತ್ತವೆ. ಪರಾಗನ ತಾಯಿ ಕಾಂತಾಬಾಯಿಗೆ ಎರಡೂ ಬಾರವು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಪರಾಗ ಆ ಸಾಲುಗಳನ್ನು ಅಲ್ಲಿಂದಲ್ಲಿಗೇ ಕನ್ನಡಕ್ಕೆ, ಭಾವ ಉಕ್ಕುವ ಕಡೆ ಮರಾಠಿಗೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿದ್ದ. ಮೊಣಕಾಲಿನ ಆಪರೇಶನ್ ಆಗಿ ಹಾಲ್‌ನಲ್ಲಿದ್ದ ಮಂಚಕ್ಕೆ ಬಂದು ಬಿದ್ದಿದ್ದ ಕಾಂತಾಬಾಯಿ ಮೊದಲ ದಿನವೇ "ಇದೇನದ, ಪುರಾಣ ಏನ?" ಎಂದು ಕೇಳಿದ್ದಳು. ಶಾಪ, ವರ, ರಾಕ್ಷಸ, ಮಗನಿಗಾಗಿ ತಾಯಿಯ ಸಂಕಟ, ಅಲ್ಲವೆನ್ನುವುದು ಹೇಗೆ? ಭಾತಂಬ್ರಾದ ಮನೆಯಲ್ಲಿ ಗಂಡ ಭಾಲಚಂದ್ರರಾಯರು ಶ್ರಾವಣ ತಿಂಗಳೆಲ್ಲ ಮಣೆಯ ಮೇಲೆ ಕೂತು ಪುರಾಣದ ಪೋಥಿ ಓದುತ್ತಿದ್ದರು, ಊರ ಹೆಂಗಸರು ಸುತ್ತ ಕೂತು ಕೇಳುತ್ತಿದ್ದರು. ಆ ಓದಿಗೆ ಕಟ್ಟಳೆಗಳಿದ್ದವು. ಅಧ್ಯಾಯ ಮುಗಿಯುವ ತನಕ ಯಾರೂ ಏಳಬಾರದು. ಶುರು ಮಾಡಿದವನೇ ಮುಗಿಸಬೇಕು. ಸಮಾಪ್ತಿಯ ದಿನ ಓದಿದವನಿಗೆ ಟವೆಲ್ಲು, ತೆಂಗಿನಕಾಯಿ ಕೊಟ್ಟು ಮೊದಲ ಹೋಳಿಗೆಯನ್ನು ಅವನ ತಾಟಿಗೆ ಹಾಕಬೇಕು. ಗಂಡ ತೀರಿಕೊಂಡ ಮೇಲೆ ಎಲ್ಲಿಯೋ ಕಟ್ಟಿಟ್ಟಿದ್ದ ಈ ಕಟ್ಟಳೆಗಳನ್ನೆಲ್ಲ ಕಾಂತಾಬಾಯಿ ಬಿಚ್ಚಿ, ಜಾಡಿಸಿ, ಜಪಾನಿನ ಮೇಲೆ ಹಾಸಿದ್ದಳು. ಡಿಸ್ಕು ತಿರುಗುವಾಗ ಪಕ್ಕದ ಮನೆಯ ಅಕ್ತರಬೀ ಬಂದು ಕದ ಬಡಿದರೂ "ನಿಂದ್ರ ಬೀ, ಪೋಥಿ ನಡದದ" ಎಂಬ ಉತ್ತರವೇ.

ಔರಾದಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆ ಮುಗಿಸಿಕೊಂಡು ಗುರುವಾರ ಬಸ್ಸಿನಲ್ಲಿ ವಾಪಸಾಗುವಾಗ ಪರಾಗ ಖುಷಿಯಲ್ಲಿದ್ದ. ಕಿಟಕಿಯಾಚೆ ತೊಗರಿ ಕೊಯ್ದ ಹೊಲಗಳು ಹಿಂದೆ ಸರಿಯುತ್ತಿದ್ದವು. ಅವನು ತುಟಿಯೊಳಗೇ ಮಾಟಗಾತಿಗೆ ಒಂದು ದನಿ ಹುಡುಕುತ್ತಿದ್ದ. ಐದನೆಯ ಡಿಸ್ಕಿನಲ್ಲಿ ಅವಳಿಗೆ ಬಹಳ ಮಾತಿದೆಯೆಂದು ಹೆಂಡತಿ ಅಲಕಾ ಹೇಳಿದ್ದಳು, ಅವಳಿಗೆ, ಈ ಡಿಸ್ಕುಗಳನ್ನು ತಂದುಕೊಡುವ ನಾಗಸೇನ ಹೇಳಿದ್ದ. ಪಕ್ಕದ ಸೀಟಿನವ ಒಂದೆರಡು ಸಲ ತಿರುಗಿ ನೋಡಿ, ಆಮೇಲೆ ತನ್ನ ಚೀಲವನ್ನು ಆ ಕಡೆಯ ತೊಡೆಗೆ ಬದಲಿಸಿಕೊಂಡ. ಮನೆಗೆ ಬಂದು ಚಪ್ಪಲಿ ಬಿಡುವಾಗ ಮೇಜಿನ ಮೇಲೆ ಹೂವಿನ ಚಿತ್ರದ ಚಹಾ ಕಪ್ಪು ಕಂಡಿತು. ಅದು ಅತಿಥಿಗಳ ಕಪ್ಪು. ಔರಾದಿನ ಬೌದ್ಧರ ಮನೆತನದ ನಾಗಸೇನ ಮೊದಲ ಸಲ ಬಂದಾಗ ತಾಯಿ ಏನೂ ಯೋಚಿಸದೆ ಆ ಕಪ್ಪಿನಲ್ಲೇ ಚಹಾ ಕೊಟ್ಟದ್ದನ್ನು ಕಂಡು ಪರಾಗ ತನ್ನ ಮನೆಯ ಬಗ್ಗೆ ಒಂದು ವಾರ ಹೆಮ್ಮೆಪಟ್ಟಿದ್ದ. ಈಗ ಅದೇ ಕಪ್ಪನ್ನು ನೋಡಿ, ತನಗೆ ಈ ಮನೆಯಲ್ಲಿ ಯಾವತ್ತೂ ಸ್ಟೀಲಿನ ಲೋಟದಲ್ಲೇ ಚಹಾ ಬರುತ್ತದೆ ಎಂಬುದು ಮೊದಲ ಬಾರಿಗೆ ಲೆಕ್ಕಕ್ಕೆ ಬಂತು.

"ನಾಗಸೇನ ಬಂದಿದ್ದ," ಎಂದಳು ಕಾಂತಾಬಾಯಿ, ಮೆಂತೆ ಸೊಪ್ಪು ಬಿಡಿಸುತ್ತ. "ಜಿಲ್ಲಾ ಆಫೀಸಿನಾಗ ಮೀಟಿಂಗ್ ಇತ್ತಂತ. ಡಿಸ್ಕ ತಂದಿದ್ದ. ಅಲಕಾ ಓದ್ಲಾಕ ಕುಂತಳು, ಆಕಿ ಓದೂದ ಬಿಟ್ಟು ತಾನೇ ನೋಡ್ಕೋತ ಕೂಡ್ತಾಳ. ನಾನೇ ಅಂದೆ, ನೀ ಓದಪಾ ಅಂತ."

"ಐದನೇದ ನೋಡಿಬಿಟ್ಟಿರೇನ?"

"ಏನ್ ಓದ್ತಾನೋ ಪರ್ಯಾ, ಆ ನಾಗಸೇನ! ಆ ಮುಖ ಮಾರಾಕಿ ನಕ್ಕರ ಮೈ ಝುಮ್ ಅಂತು ನೋಡು. ದೊಡ್ಡಾಂವ ನರಳೂದ ಕೇಳಿ ಅಲಕಾ ಸೆರಗಿನಾಗ ಮುಖಾ ಮುಚ್ಚಕೊಂಡಳು. ದನದ ಡಾಕ್ಟರ್ ಅಲ್ಲೇನ ಅಂವ, ನರಳೂದ ದಿನಾ ಕೇಳ್ತಾನ."

"ಮತ್ತ ನಾ ಓದೂದು?"

ಕಾಂತಾಬಾಯಿ ಒಂದು ದಂಟನ್ನು ಎತ್ತಿ ಹಿಡಿದು ಪರೀಕ್ಷಿಸಿದಳು. "ನೀನೂ ಚೊಲೋ ಓದ್ತಿ. ಆದ್ರ ನಿನ್ನ ಬಾಯಾಗ ರಾಕ್ಷಸನೂ ಪಾಠಾ ಹೇಳ್ತಾನ."

ಅಡುಗೆಮನೆಯಿಂದ ಅಲಕಾಳ ನಗು ಕೇಳಿಸಿ, ತಟಕ್ಕನೆ ಪಾತ್ರೆಯ ಸದ್ದಾಗಿ ಬದಲಾಯಿತು. ಅವಳು ಭಾಲ್ಕಿಯ ಬ್ಯಾಂಕಿಗೆ ದಿನಾ ಬೆಳಗಿನ ರೈಲಿನಲ್ಲಿ ಹೋಗುತ್ತಾಳೆ, ಅವತ್ತು ಅತ್ತೆಯ ಮೊಣಕಾಲಿಗಾಗಿ ರಜೆ ಹಾಕಿದ್ದಳು. ಹಿಂದೆ ನಾಗಸೇನ ಬೀದರಿನಲ್ಲೇ ಬಾಡಿಗೆಗಿದ್ದಾಗ ಭಾಲ್ಕಿಯ ಪಶು ಆಸ್ಪತ್ರೆಗೆ ಅದೇ ಡಬ್ಬಿಯಲ್ಲಿ ಹೋಗುತ್ತಿದ್ದ. ಮೊದಲ ಡಿಸ್ಕು ಕೈ ಬದಲಾದದ್ದು ಆ ರೈಲಿನಲ್ಲಿ. ಪರಾಗ ಆ ರೈಲನ್ನು ಅನೇಕ ಸಲ ಮನಸ್ಸಿನಲ್ಲಿ ಓಡಿಸಿ ನೋಡಿದ್ದಾನೆ. ಅಲಕಾ ಕಿಟಕಿಗೆ, ನಾಗಸೇನ ಎದುರಿಗೆ, ನಡುವೆ ಶೇಂಗಾದ ಪೊಟ್ಟಣ. ಆ ಚಿತ್ರದಲ್ಲಿ ಅನುಮಾನ ಪಡುವಂಥದ್ದು ಏನೂ ಇರಲಿಲ್ಲ, ಅದೇ ಅವನಿಗೆ ಕಷ್ಟವಾಗಿತ್ತು. ಅನುಮಾನಕ್ಕೆ ಕಾರಣವಿದ್ದ ಗಂಡಂದಿರಿಗೆ ಸಾಹಿತ್ಯದಲ್ಲಿ ಒಂದು ಸ್ಥಾನವಿದೆ. ಹೆಂಡತಿ ಇನ್ನೊಬ್ಬನ ದನಿ ಕೇಳಿ ಕಾರ್ಟೂನಿಗೆ ಅತ್ತಳೆಂದು ಹೊಟ್ಟೆ ಉರಿಸಿಕೊಳ್ಳುವ ಗಂಡ ಎಲ್ಲಿ ಹೋಗಿ ಹೇಳಬೇಕು? ಅಲ್ಲದೆ ಅವನು ಓದಿದ ನಾಲ್ಕು ಡಿಸ್ಕುಗಳಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. ಒಂದು ಕಡೆ, ಯುದ್ಧದ ನಡುವೆ, ಆಕಳಿಸಿದ್ದಳು.

"ಸಣ್ಣಾಂವ ಸತ್ತಾನಂತ," ಎಂದಳು ಕಾಂತಾಬಾಯಿ.

ಪರಾಗನ ಕೈ ಅಂಗಿಯ ಗುಂಡಿಯ ಮೇಲೆ ನಿಂತಿತು. ಮೂರನೆಯ ಡಿಸ್ಕಿನಲ್ಲಿ ತಮ್ಮ ಸಾಯುತ್ತಾನೆ. ಕನ್ನಡದಲ್ಲಿ ಸತ್ತಿರಲಿಲ್ಲ. ಇಂಗ್ಲಿಷ್ ಸಾಲು ಬಂದ ಕೂಡಲೇ ಪರಾಗ ಗಂಟಲು ಸರಿಮಾಡಿಕೊಂಡು, ತಮ್ಮ ಅರಸನ ಅಪ್ಪಣೆಯಂತೆ ದೂರದೇಶಕ್ಕೆ ಹೊರಟ, ಅಣ್ಣ ಅವನನ್ನು ಬೀಳ್ಕೊಡುತ್ತಿದ್ದಾನೆ ಎಂದು ಹೇಳಿದ್ದ. ಮುಂದಿನ ಮಾತುಗಳನ್ನೆಲ್ಲ ಅದಕ್ಕೆ ತಕ್ಕಂತೆ ತಿದ್ದುತ್ತ ಬಂದಿದ್ದ. ಅಲಕಾ ಆಗ ಅವನ ಮುಖ ನೋಡಿ, ಟಿ.ವಿ.ಯ ಮೇಲಿನ ಗೋಡೆಯ ಫೋಟೋ ನೋಡಿ, ಸುಮ್ಮನಾಗಿದ್ದಳು. ಫೋಟೋದಲ್ಲಿ ದತ್ತಾತ್ರಿ ಇದ್ದಾನೆ, ಪರಾಗನ ತಮ್ಮ. ಭಾಲ್ಕಿ ರಸ್ತೆಯಲ್ಲಿ ಮೋಟರ್‌ಸೈಕಲ್ ಲಾರಿಗೆ ಬಡಿದು ಹೋದವನು. ಆ ಮನೆಯಲ್ಲಿ ಟಿ.ವಿ. ನೋಡುವವರೆಲ್ಲ ಅವನನ್ನೂ ನೋಡಬೇಕು.

"ನಾ ದೂರದೇಶಕ್ಕ ಅಂತ..."

"ಹೂಂ, ಅಂದಿದ್ದಿ. ಎದಿಯಾಗ ಭರ್ಚಿ ಈ ಕಡಿಂದ ಆ ಕಡಿಗಿ ಹೋಗಿತ್ತು ಪರ್ಯಾ. ಹಾಂಗ ಯಾರರ ದೂರದೇಶಕ್ಕ ಹೋಗ್ತಾರೇನ?"

"ನಿಂಗ ಅವಾಗೇ ಗೊತ್ತಿತ್ತಾ, ಆಯಿ?"

"ಇಂಗ್ರೇಜಿ ಬರೂದಿಲ್ಲ ನಂಗ. ಕಣ್ಣ ಅವ ಅಲ್ಲ? ನೀ ಅಷ್ಟು ಮನಸ್ಸಿಟ್ಟು ಹೇಳ್ಲಾಕತ್ತಿದ್ದಿ, ನಡುವ ಯಾಕ ಬಾಯಿ ಹಾಕ್ಲಿ ಅಂತ ಸುಮ್ಕ ಕುಂತೆ." ಅವಳು ಬಿಡಿಸಿದ ಸೊಪ್ಪನ್ನು ಒಟ್ಟು ಮಾಡಿದಳು. "ಅವತ್ತಿನಿಂದ ನೀ ಏನ ಹೇಳಿದ್ರೂ ಅರ್ಧಾ ಕೇಳ್ತೇನಿ, ಅರ್ಧಾ ನೋಡ್ತೇನಿ. ನಾಗಸೇನ ಹಾಂಗಲ್ಲ. ಬರದದ್ದ ಬರದಾಂಗ ಹೇಳ್ತಾನ."

ತಾಯಿಗೆ ನೋವಾಗಬಾರದೆಂದು ಹಾಗೆ ಹೇಳಿದೆ ಎಂಬ ವಿವರಣೆ ಪರಾಗನ ನಾಲಗೆಯ ತುದಿಯಲ್ಲೇ ಇತ್ತು. ಅದನ್ನು ಅವನು ಇಷ್ಟು ದಿನ ತನಗೇ ಹೇಳಿಕೊಂಡು ನುಣುಪಾಗಿಸಿದ್ದ. ಸ್ನಾನದ ಮನೆಯಲ್ಲಿ ತಲೆಯ ಮೇಲೆ ನೀರು ಸುರಿದುಕೊಳ್ಳುವಾಗ ಅದು ನಿಜವಲ್ಲವೆಂದು ಗೊತ್ತಾಯಿತು. ಪರದೆಯ ಮೇಲಿನ ಸಣ್ಣವ ಸತ್ತರೆ ತಾಯಿ ಅಳುತ್ತಾಳೆ. ಅತ್ತರೆ ಆ ಅಳು ಗೋಡೆಯ ಫೋಟೋಕ್ಕೆ ಹೋಗುತ್ತದೆ. ಗಂಟಲು ಒಣಗಿಸಿಕೊಂಡು ಓದುವವನು ಅವನು, ಅಳು ಮಾತ್ರ ದತ್ತಾತ್ರಿಗೆ. ಈ ಮನೆಯಲ್ಲಿ ದತ್ತಾತ್ರಿ ಇನ್ನೊಂದು ಸಲ ಸಾಯುವುದು ಅವನಿಗೆ ಬೇಡವಾಗಿತ್ತು, ಪ್ರೀತಿಯಿಂದಲ್ಲ. ದತ್ತಾತ್ರಿಯೂ ದನಿ ತೆಗೆಯುತ್ತಿದ್ದ. ಹೆಡ್‌ಮಾಸ್ತರರದ್ದು, ಬಸ್ ಕಂಡಕ್ಟರನದ್ದು, ಅಕ್ತರಬೀಯದ್ದು. ಎಲ್ಲಕ್ಕಿಂತ ಚೆನ್ನಾಗಿ ಪರಾಗನದ್ದು ತೆಗೆಯುತ್ತಿದ್ದ. ಹುಬ್ಬು ಏರಿಸಿ "ಅದು ಹಾಗಲ್ಲ" ಎಂದರೆ ಸಾಕು, ಕಾಂತಾಬಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಪರಾಗನೂ ನಗಬೇಕಾಗುತ್ತಿತ್ತು. ದತ್ತಾತ್ರಿ ಸತ್ತ ದಿನ ಸುದ್ದಿ ಕೇಳಿ ಪರಾಗ ಕಾಲೇಜಿನಿಂದ ಓಡಿ ಬಂದಾಗ ಕದ ತೆರೆದ ತಾಯಿ ಅವನ ಮುಖ ನೋಡಿದಳು. ನೋಡಿ, ನೋಟವನ್ನು ಅಲ್ಲಿಂದ ಎತ್ತಿ, ಅವನ ಭುಜದ ಮೇಲಿನಿಂದ ಹಿಂದಕ್ಕೆ ಬೀದಿಗೆ ಕಳಿಸಿದಳು. ಆಮೇಲೆ ಅದು ರೂಢಿಯಾಯಿತು. ಕದ ತೆರೆದಾಗಲೆಲ್ಲ ಅವಳ ನೋಟ ಅವನ ಮುಖದ ಮೇಲೆ ಒಂದು ಗಳಿಗೆ ನಿಂತು ಭುಜ ದಾಟಿ ಹೋಗುತ್ತದೆ. ಅವಳಿಗೆ ಅದು ಗೊತ್ತಿಲ್ಲ. ಇವತ್ತು ಮಂಚದ ಮೇಲಿಂದಲೂ ಹಾಗೇ ಆಗಿತ್ತು.

ಭಾನುವಾರ ನಾಗಸೇನನೂ ಬರುವವನಿದ್ದ. ಶುರು ಮಾಡಿದವನೇ ಮುಗಿಸಬೇಕೆಂಬ ಕಟ್ಟಳೆ ಪರಾಗನ ಪರವಾಗಿತ್ತು. ಚೆನ್ನಾಗಿ ಓದುವವನು ಓದಲಿ ಎಂಬ ಆಸೆ ಕಾಂತಾಬಾಯಿಯ ಕಣ್ಣಲ್ಲಿತ್ತು. ಅವಳು ಬಾಯಿ ಬಿಟ್ಟು ಹೇಳಲಿಲ್ಲ, "ಭಾನುವಾರ ನೋಡೂಣಂತ" ಎಂದಳು. ಶುಕ್ರವಾರ ಪರಾಗ ಭಾಲ್ಕಿಗೆ ಹೊರಟ. ನಾಗಸೇನನ ಹತ್ತಿರವಿದ್ದ ಕೊನೆಯ ಡಿಸ್ಕನ್ನು ತಾನೇ ಮೊದಲು ತಂದು, ಒಬ್ಬನೇ ನೋಡಿ, ಪ್ರತಿ ಮಾತನ್ನೂ ಪಳಗಿಸಿ, ಭಾನುವಾರ ತಾಯಿ, ಹೆಂಡತಿ ಇಬ್ಬರನ್ನೂ ಅಳಿಸಿಯೇ ತೀರುವುದೆಂದು ನಿಶ್ಚಯಿಸಿದ್ದ. ಅಲಕಾಳಿಗೆ ಲೈಬ್ರರಿಯ ಕೆಲಸವಿದೆಯೆಂದು ಹೇಳಿದ. ಭಾಲ್ಕಿಯಲ್ಲಿ ಇಳಿದಾಗ ಅವಳ ಬ್ಯಾಂಕಿನ ಎದುರಿನಿಂದ ಹೋಗಬೇಕಾಗಿ ಬಂದು, ಸ್ವಂತ ಹೆಂಡತಿಗೆ ಕಾಣಬಾರದೆಂದು ಒಂದು ಹಣ್ಣಿನ ಗಾಡಿಯ ಮರೆಯಲ್ಲಿ ನಡೆದ. ಗಾಡಿಯವನೂ ಅದೇ ಕಡೆಗೆ ಹೊರಟಿದ್ದರಿಂದ ಇದು ಸಾಧ್ಯವಾಯಿತು.

ಪಶು ಆಸ್ಪತ್ರೆಯ ಹಿಂದೆ ನಾಗಸೇನ ಒಂದು ಎಮ್ಮೆಯ ಹಿಂದೆ ನಿಂತಿದ್ದ. ಬಲಗೈ ಭುಜದ ತನಕ ಎಮ್ಮೆಯೊಳಗಿತ್ತು. ಎಮ್ಮೆಯ ಯಜಮಾನ ರಶೀದ ಅಹ್ಮದ ಅದರ ಮೂಗುದಾಣ ಹಿಡಿದು ಆಕಾಶ ನೋಡುತ್ತಿದ್ದ.

"ಅರೆ, ಪರಾಗ ಸರ್! ಬರ್ರಿ ಬರ್ರಿ. ಕೈ ಕೊಡ್ಲಾಕ ಆಗೂದಿಲ್ಲ, ಮಾಫ್ ಮಾಡ್ರಿ."

"ಇರ್ಲಿ ಬಿಡ್ರಿ. ಡಿಸ್ಕ..."

"ಬ್ಯಾಗಿನಾಗ ಅದ, ಖುರ್ಚಿ ಮ್ಯಾಲ. ನೀವೇ ತಗೋರಿ." ನಂತರ ಎಮ್ಮೆಯ ಬೆನ್ನಿಗೆ ಕೆನ್ನೆ ತಾಗಿಸಿ, ಕಣ್ಣು ಮುಚ್ಚಿ, ಮರಾಠಿಯಲ್ಲಿ ಮೆಲ್ಲಗೆ ಏನೋ ಹೇಳಿದ. ಆಯಿತು ತಾಯಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ. ಆ ದನಿ ಕೇಳಿ ಪರಾಗನ ಮೈ ಝುಮ್ಮೆಂದಿತು, ಮತ್ತು ಹಾಗೆಂದಿತೆಂದು ಸಿಟ್ಟು ಬಂತು. ಇದು ನಟನೆಯಾಗಿದ್ದರೆ ಕಲಿಯಬಹುದಿತ್ತು.

"ಸರ್, ಒಂದ್ ಮಾತ," ಎಂದ ನಾಗಸೇನ, ಕಣ್ಣು ತೆರೆಯದೆ. "ಭಾನುವಾರ ನೀವ ಓದ್ರಿ. ನಾ ಅವತ್ತ ಆಯಿ ಅಂದ್ರು ಅಂತ ಓದಿದೆ. ಪೋಥಿ ನಿಮ್ದು. ನಾ ಹೋಳಗಿ ತಿನ್ಲಾಕ ಬರ್ತೇನಿ."

"ಹಾಂಗೇನಿಲ್ಲ, ಯಾರ್ ಓದಿದ್ರೇನು," ಎಂದ ಪರಾಗ. ಎದುರಾಳಿ ಕಾದಾಡದೆ ಕಣವನ್ನೇ ಬಿಟ್ಟುಕೊಟ್ಟರೆ ಗೆದ್ದವನಿಗೆ ನಿಲ್ಲಲು ಜಾಗ ಇರುವುದಿಲ್ಲ. ಚೀಲದಲ್ಲಿ ಡಿಸ್ಕು, ಥರ್ಮಾಮೀಟರು, ಒಂದು ಡಬ್ಬಿ ಶೇಂಗಾ ಹೋಳಿಗೆ ಇದ್ದವು. ಡಬ್ಬಿ ಅಲಕಾಳದ್ದು. ಅದರ ಮುಚ್ಚಳದ ನೆಗ್ಗು ಪರಾಗನಿಗೆ ಚೆನ್ನಾಗಿ ಗೊತ್ತಿತ್ತು, ಬೀಳಿಸಿದವನು ಅವನೇ.

"ಗಂಡೋ ಹೆಣ್ಣೋ ಸಾಬ್?" ಎಂದು ರಶೀದ ಅಹ್ಮದ ಪರಾಗನನ್ನೇ ಕೇಳಿದ, ಕನ್ನಡಕ ಹಾಕಿದವನು ದೊಡ್ಡ ಡಾಕ್ಟರನೇ ಇರಬೇಕೆಂದು.

ಡಿಸ್ಕಿನ ಖಾನೆಯಿರುವ ಲ್ಯಾಪ್‌ಟಾಪು ಕಾಲೇಜಿನ ಇಂಗ್ಲಿಷ್ ವಿಭಾಗದಲ್ಲಿ ಒಂದೇ ಇತ್ತು. ಶನಿವಾರ ಬೆಳಿಗ್ಗೆ ಕೋಣೆಯ ಕದ ಹಾಕಿಕೊಂಡು ಪರಾಗ ಕೊನೆಯ ಡಿಸ್ಕು ನೋಡಿದ. ಸತ್ತ ತಮ್ಮನ ಮುಖವನ್ನು ಅಣ್ಣ ಮಾಟಗಾತಿಯಿಂದ ಪಡೆದು, ಬದಲಿಗೆ ತನ್ನ ಮುಖವನ್ನು ಅವಳಿಗೆ ಕೊಟ್ಟಿದ್ದಾನೆ. ತಮ್ಮನಾಗಿ ಮನೆಗೆ ಹೋಗುತ್ತಾನೆ. ತಾಯಿ ಅಪ್ಪಿಕೊಳ್ಳುತ್ತಾಳೆ, ಗಂಜಿ ಹಾಕುತ್ತಾಳೆ. ವರ್ಷಗಳು ಕಳೆಯುತ್ತವೆ, ಸೂರ್ಯನಿಲ್ಲದ ದೇಶದಲ್ಲಿ ಉಪ್ಪು ಬೀಳುತ್ತಲೇ ಇರುತ್ತದೆ. ಅವನಿಗೆ ತಾಯಿಯ ಪ್ರೀತಿಯೆಲ್ಲ ಸಿಗುತ್ತದೆ, ಯಾವುದೂ ಅವನದಲ್ಲ. ಹೊಟ್ಟೆಕಿಚ್ಚಿಗೆ ಇಷ್ಟು ಅಚ್ಚುಕಟ್ಟಾದ ಶಿಕ್ಷೆಯನ್ನು ಜಪಾನಿನಲ್ಲಿ ಯಾರೋ ಕೂತು ಯೋಚಿಸಿದ್ದಾರಲ್ಲ ಎಂದು ಪರಾಗ ಮೆಚ್ಚುಗೆಯಿಂದ ನೋಡುತ್ತಿದ್ದ. ಆಗ ಪರದೆಯಲ್ಲಿ ಸಂಜೆಯಾಯಿತು. ತಮ್ಮನ ಮುಖದ ಅಣ್ಣ ಸೌದೆ ಹೊತ್ತು ಬಂದು ಕದ ತಟ್ಟಿದ. ಮುದುಕಿಯಾದ ತಾಯಿ ಕದ ತೆರೆದು ಅವನ ಮುಖ ನೋಡಿದಳು. ನೋಡಿ, ನೋಟವನ್ನು ಎತ್ತಿ, ಅವನ ಭುಜದ ಮೇಲಿನಿಂದ ಹಿಂದಕ್ಕೆ ಕಳಿಸಿದಳು. ಕೆಳಗೆ ಸಾಲು ಬಂತು. ಸಣ್ಣವನು ದಿನಾ ಬರುತ್ತಾನೆ, ನನ್ನ ದೊಡ್ಡವನೆಲ್ಲಿ?

ಪರಾಗ ಡಿಸ್ಕನ್ನು ನಿಲ್ಲಿಸಿದ. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದ, ಸಾಲು ಬದಲಾಗಲಿಲ್ಲ. ಹೊರಗೆ ಯಾರೋ ಕದ ಬಡಿದು "ಸರ್, ಚಾವಿ" ಎಂದರು. ಅವನು ದನಿ ಬದಲಿಸಿ "ಆಮ್ಯಾಗ ಬಾ" ಎಂದ, ಯಾಕೆ ಬದಲಿಸಿದನೆಂದು ತಿಳಿಯಲಿಲ್ಲ.

ಅಲ್ಲಿಂದ ಸ್ಕೂಟರಿನಲ್ಲಿ ಅಷ್ಟೂರಿಗೆ ಹೋದ. ಸುಲ್ತಾನರ ಗೋರಿಗಳ ಸಾಲಿನಲ್ಲಿ ಗುಮ್ಮಟ ಅರ್ಧ ಬಿರಿದಿರುವ ಒಂದರೊಳಗೆ ನಿಂತು ಸಾಲನ್ನು ಕನ್ನಡದಲ್ಲಿ ಹೇಳಿ ನೋಡಿದ. ಮರಾಠಿಯಲ್ಲಿ ಹೇಳಿದ. ಮುದುಕಿಯ ದನಿಯಲ್ಲಿ, ದನಿಯಿಲ್ಲದೆ, ಎಮ್ಮೆಗೆ ಹೇಳುವಂತೆ, ಪಾಠ ಹೇಳುವಂತೆ. ಗುಮ್ಮಟ ಎಲ್ಲವನ್ನೂ ತೆಗೆದುಕೊಂಡು ಸ್ವಲ್ಪ ತಡೆದು ವಾಪಸು ಕೊಟ್ಟಿತು. ದೊಡ್ಡವನೆಲ್ಲಿ, ದೊಡ್ಡವನೆಲ್ಲಿ. ಕಾವಲಿನ ಲಾಲ ಅಹ್ಮದ ಬಾಗಿಲಲ್ಲಿ ಬಂದು ನಿಂತಿದ್ದ.

"ಯಾರ್ ಕಳದಾರ್ರಿ ಸಾಬ್?"

"ಯಾರೂ ಇಲ್ಲ. ನಾಟಕದ ತಾಲೀಮು."

"ಹೌದೇನ್ರಿ. ಹುಡುಕ್ಲಾಕ ಬರ್ಬೇಕೇನೋ ಅಂದ್ಕೊಂಡೆ."

ಸ್ಕೂಟರ್ ಒದೆಯುವಾಗ ಅವನಿಗೆ ಹೊಳೆದದ್ದು ಇಷ್ಟು. ನಾಳೆ ಅವನು ಈ ಸಾಲನ್ನು ಎಷ್ಟು ಚೆನ್ನಾಗಿ ಓದಿದರೂ ತಾಯಿ ಅರ್ಧ ಕೇಳುತ್ತಾಳೆ, ಅರ್ಧ ನೋಡುತ್ತಾಳೆ. ಭರ್ಚಿಯನ್ನು ದೂರದೇಶ ಮಾಡಿದವನು, ತಾಯಿಯೊಬ್ಬಳು ದೊಡ್ಡ ಮಗನಿಗಾಗಿ ಕಾಯುತ್ತಾಳೆಂದು ಹೇಳಿದರೆ ಯಾರು ನಂಬುತ್ತಾರೆ? ಪರ್ಯಾ ತನಗೆ ಬೇಕಾದ್ದನ್ನು ತಾನೇ ಕೂಡಿಸಿ ಹೇಳುತ್ತಿದ್ದಾನೆ, ಪಾಪ, ಎಂದುಕೊಳ್ಳುತ್ತಾಳೆ. ಆ 'ಪಾಪ' ಅವನ ಕಿವಿಗೆ ಈಗಲೇ ಕೇಳಿಸಿತು. ಇಡೀ ಸರಣಿಯಲ್ಲಿ ಅವನಿಗಾಗಿ ಬರೆದಂತಿದ್ದ ಒಂದೇ ಒಂದು ಸಾಲು ಅವನ ಬಾಯಿಂದ ಬಂದರೆ ಸುಳ್ಳಾಗುತ್ತಿತ್ತು. ಅದು ನಿಜವಾಗಬೇಕಾದರೆ, ಬರೆದದ್ದನ್ನು ಬರೆದಂತೆ ಹೇಳುವವನೇ ಹೇಳಬೇಕು. ಮೈಲೂರಿನ ತನಕ ಅವನು ಬೇರೆ ದಾರಿ ಹುಡುಕಿದ. ಅಲಕಾ ಓದಬಹುದು, ಆದರೆ ಅವಳು ಓದುವುದ ಬಿಟ್ಟು ನೋಡುತ್ತ ಕೂಡುತ್ತಾಳೆ, ಆ ಸಾಲೇ ತಪ್ಪಿಹೋಗಬಹುದು. ನಾಗಸೇನನ ಮೇಲಿನ ಹೊಟ್ಟೆಕಿಚ್ಚು ಇಷ್ಟು ದಿನ ತಣ್ಣಗೆ ಉರಿದಿತ್ತು. ಈಗ ಅವನ ಹತ್ತಿರ ಕೇಳಿಕೊಳ್ಳಬೇಕಾಗಿ ಬಂದಾಗ ಧಗ್ಗನೆ ಎದ್ದಿತು.

ಭಾನುವಾರ ನಾಗಸೇನ ಪಾಲಿಶ್ ಮಾಡಿದ ಬೂಟು ಹಾಕಿಕೊಂಡು, ಎಮ್ಮೆ ಹೆಣ್ಣುಗರು ಹಾಕಿದ ಸುದ್ದಿಯೊಂದಿಗೆ ಬಂದ. ಮಣೆ ಹಾಕಿತ್ತು. ತಾಟಿನಲ್ಲಿ ಹೊಸ ಟವೆಲ್ಲು, ತೆಂಗಿನಕಾಯಿ, ಕುಂಕುಮ. ಕಾಂತಾಬಾಯಿ ಇಬ್ಬರನ್ನೂ ನೋಡಿ ಯಾರನ್ನೂ ನೋಡದವಳಂತೆ ಸೆರಗು ಸರಿಮಾಡಿಕೊಂಡಳು.

"ನಾಗಸೇನ, ನೀವ ಓದ್ರಿ," ಎಂದ ಪರಾಗ.

"ಯಾಕ ಸರ್?"

"ಗಂಟಲ ಕೂತದ." ಗಂಟಲು ನಿಜಕ್ಕೂ ಸ್ವಲ್ಪ ಕೂತಿತ್ತು, ಅಷ್ಟೂರಿನಲ್ಲಿ.

"ಶುರು ಮಾಡಿದಾಂವ ಮುಗಸಬೇಕಪಾ," ಎಂದಳು ಕಾಂತಾಬಾಯಿ. ಆಕ್ಷೇಪಣೆಯಲ್ಲಿ ಬಲ ಇರಲಿಲ್ಲ. ಮುಖದಲ್ಲಿ ಬೆಳಕು ಬಂದಿತ್ತು. ಅಲಕಾ ಮಾತ್ರ ಗಂಡನನ್ನು ದಿಟ್ಟಿಸಿ ನೋಡಿ, "ಅರಿಶಿನ ಹಾಲು ಕೊಡ್ಲೇನ್ರಿ?" ಎಂದು ಕೇಳಿದಳು. ಬೇಡವೆಂದ.

ನಾಗಸೇನ ಮಣೆಯ ಮೇಲೆ ಕೂತು ಓದಿದ. ಮಾಟಗಾತಿ ನಕ್ಕಳು, ಉಪ್ಪು ಬಿತ್ತು, ಅಲಕಾ ಸೆರಗು ಹುಡುಕಿಕೊಂಡಳು. ಗೋಡೆಯ ಮೇಲೆ ದತ್ತಾತ್ರಿ ಎಂದಿನಂತೆ ಯಾರದೋ ದನಿ ತೆಗೆಯಲು ಬಾಯಿ ತೆರೆಯುವವನಂತಿದ್ದ. ಪರಾಗ ಪರದೆಯನ್ನು ನೋಡಲಿಲ್ಲ, ತಾಯಿಯ ಮೊಣಕಾಲಿನ ಪಟ್ಟಿಯನ್ನು ನೋಡುತ್ತ ಕೂತ. ಸಂಜೆಯಾದದ್ದು ಅದರ ಮೇಲೆ ಬಿದ್ದ ನೀಲಿ ಬೆಳಕಿನಿಂದ ತಿಳಿಯಿತು. ಆ ಸಾಲಿಗೆ ನಾಗಸೇನ ಯಾವ ದನಿಯನ್ನೂ ತೆಗೆಯಲಿಲ್ಲ, ಬೀದಿಯಲ್ಲಿ ಯಾರನ್ನೋ ಕೇಳುವಂತೆ ಹೇಳಿದ.

"ಸಣ್ಣಾಂವ ದಿನಾ ಬರ್ತಾನ. ನನ್ನ ದೊಡ್ಡಾಂವ ಎಲ್ಲಿ?"

ಕಾಂತಾಬಾಯಿ ಕೈ ಎತ್ತಿದಳು. ಪೋಥಿಯ ನಡುವೆ ಅವಳೇ ಕಟ್ಟಳೆ ಮುರಿದದ್ದು ಅದೊಂದೇ ಸಲ. ಅಲಕಾ ಗಾಬರಿಯಿಂದ ರಿಮೋಟು ಒತ್ತಿದಳು. ಪರದೆಯಲ್ಲಿ ಮುದುಕಿ ಬಾಗಿಲಲ್ಲಿ ನಿಂತೇ ಇದ್ದಳು.

"ಇದು ಅದ್ರಾಗ ಬರದದೇನಪಾ? ಇಲ್ಲಾ ನಮ್ಮ ಪರಾಗ ಹೇಳಿಕೊಟ್ಟಾನ?"

ನಾಗಸೇನ ಬಗ್ಗಿ ಪರದೆಯ ಕೆಳಗಿನ ಅಕ್ಷರಗಳನ್ನು ಇನ್ನೊಮ್ಮೆ ಓದಿಕೊಂಡ. "ಬರದದರಿ ಆಯಿ."

"ಹೌದೇನ ಅಲಕಾ?"

"ಹೌದ್ರಿ ಆಯಿ. ಹಾಂಗೇ ಬರದದ."

"ಹೂಂ," ಎಂದಳು ಕಾಂತಾಬಾಯಿ. "ಮುಂದ ಓದು."

ಉಳಿದದ್ದು ಮುಗಿದ ಮೇಲೆ ತುಪ್ಪ ಸಾಲದೆಂದು ಅಲಕಾ ಪರಾಗನನ್ನು ಅಂಗಡಿಗೆ ಕಳಿಸಿದಳು. ಅಂಗಡಿಯವ ಚಿಲ್ಲರೆ ಹುಡುಕುತ್ತ ತಡಮಾಡಿದ. ವಾಪಸು ಬಂದು ಕದ ತಟ್ಟಿದಾಗ, ಊರುಗೋಲು ಊರಿಕೊಂಡು ಕಾಂತಾಬಾಯಿಯೇ ಎದ್ದು ಬಂದು ತೆರೆದಳು. ಅವನ ಮುಖ ನೋಡಿದಳು. ಪರಾಗ ಕಾದ. ಅವಳ ನೋಟ ಅಲ್ಲೇ ಸ್ವಲ್ಪ ಹೊತ್ತು ನಿಂತಿತು, ಭುಜದ ಹತ್ತಿರ ಬಂತು. ದಾಟಿತೋ ಇಲ್ಲವೋ ನೋಡುವುದಕ್ಕೆ ಮೊದಲೇ ಅವನು ತಲೆ ತಗ್ಗಿಸಿ ಚಪ್ಪಲಿ ಬಿಡತೊಡಗಿದ್ದ.

"ತುಪ್ಪಾ ತಂದಿಯೇನ?" ಎಂದಳು ತಾಯಿ. "ಬಾ, ಹೋಳಗಿ ಆರ್ತಾವ."

ಟವೆಲ್ಲು, ತೆಂಗಿನಕಾಯಿ ಮತ್ತು ಮೊದಲ ಹೋಳಿಗೆ ನಾಗಸೇನನಿಗೆ ಹೋದವು.